ಸ್ನಾತಕೋತ್ತರ ವ್ಯಾಸಂಗಕ್ಕೆ ಹಣಕಾಸಿನ ನೆರವು: ಅಂತರಜಾಲದಲ್ಲಿ ಹುಡುಕುವ ಕ್ರಮ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನದಿಂದ ಸ್ನಾತಕೋತ್ತರ ಪ್ರವೇಶದ ಕೊನೆಯ ದಿನದವರೆಗೆ ಇರುವುದು ಕೆಲವೇ ವಾರಗಳು. ಗ್ರಾಮೀಣ ಕುಟುಂಬವೊಂದು ಮಗ ಅಥವಾ ಮಗಳ ಮುಂದಿನ ಓದಿನ ಬಗ್ಗೆ ತೀರ್ಮಾನಿಸುವುದು ಈ ಅಲ್ಪಾವಧಿಯಲ್ಲಿಯೇ. ಬಿತ್ತನೆ, ಗೊಬ್ಬರ, ಕಳೆ ಕೀಳುವ ಕೂಲಿಗಳಿಗೆ ಹಣ ಹೋಗುತ್ತಿರುವ ಕಾಲದಲ್ಲಿ ಕಾಲೇಜಿನ ಶುಲ್ಕದ ಬೇಡಿಕೆಯೂ ಬರುತ್ತದೆ. ಶೇಂಗಾ, ಈರುಳ್ಳಿ ಅಥವಾ ಅಡಿಕೆಯ ಹಣ ಕೈಸೇರುವ ಹೊತ್ತಿಗೆ ಪ್ರವೇಶದ ಅವಧಿ ಮುಗಿದಿರುತ್ತದೆ. ಆ ವರ್ಷ ನಿಂತ ಓದು ಬಹುಮಟ್ಟಿಗೆ ಶಾಶ್ವತವಾಗಿ ನಿಲ್ಲುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮದುವೆಯ ಮಾತು ಆ ವೇಳೆಗೆ ಆರಂಭವಾಗಿರುತ್ತದೆ.

ಇಂತಹ ವಿದ್ಯಾರ್ಥಿಗಳಿಗೆ ಸರ್ಕಾರದ ಹಾಗೂ ಇತರ ಸಂಸ್ಥೆಗಳ ನೆರವು ಇಲ್ಲವೆಂದಲ್ಲ. ನೆರವು ಇದೆ, ಅದರ ಬಹುಭಾಗ ಈಗ ಅಂತರಜಾಲದ ಮೂಲಕವೇ ದೊರೆಯುತ್ತದೆ. ಆದರೆ ಸುದ್ದಿ ತಿಳಿಯುವಾಗ ದಿನಾಂಕ ಮೀರಿರುತ್ತದೆ, ಇಲ್ಲವೇ ದಿನಾಂಕವಿದ್ದರೂ ದಾಖಲೆ ಸಿದ್ಧವಿರುವುದಿಲ್ಲ. ಕೆರೆಯಲ್ಲಿ ನೀರಿದ್ದೂ ತೂಬು ಎತ್ತುವವರಿಲ್ಲದೆ ಹೊಲ ಒಣಗಿದಂತಹ ಸ್ಥಿತಿ ಇದು. ನೆರವು ಎಲ್ಲೆಲ್ಲಿದೆ, ಯಾವ ಕ್ರಮದಲ್ಲಿ ಹುಡುಕಬೇಕು, ಅರ್ಜಿ ಎಲ್ಲಿ ಎಡವುತ್ತದೆ ಮತ್ತು ಸದಸ್ಯರು ಯಾವ ಹಂತದಲ್ಲಿ ನೆರವಾಗಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಿಲ್ಲೆಗೆ ಈ ವಿಷಯದ ಮಹತ್ವ

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ. ಇದರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 23, ಪರಿಶಿಷ್ಟ ಪಂಗಡದವರು ಸುಮಾರು ಶೇ. 18. ಅಂದರೆ ಹತ್ತು ಜನರಲ್ಲಿ ನಾಲ್ವರು ಈ ಎರಡು ಸಮುದಾಯಗಳಿಗೆ ಸೇರಿದವರು. ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರು, ಗೊಲ್ಲರಹಟ್ಟಿಗಳ ನಿವಾಸಿಗಳು ಇದಕ್ಕೆ ಹೊರತಾಗಿದ್ದಾರೆ. ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಒಂದಲ್ಲ ಒಂದು ಯೋಜನೆಗೆ ಅರ್ಹರಾದ ಪದವೀಧರರು ಇದ್ದೇ ಇರುತ್ತಾರೆ.

ಓದುವ ಸ್ಥಳವೂ ಈಗ ದೂರದಲ್ಲಿಲ್ಲ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಚಿತ್ರದುರ್ಗದ ಸಮೀಪ ಗುಡ್ಡದರಂಗವ್ವನಹಳ್ಳಿಯ ಜ್ಞಾನಗಂಗೋತ್ರಿ ಆವರಣದಲ್ಲಿದೆ. ಹಿರಿಯೂರಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಸಾರಿಗೆ ಸಂಸ್ಥೆಯ ಬಸ್ಸು ಓಡಾಡುವ ಮಾರ್ಗಗಳಲ್ಲಿ ವಿದ್ಯಾರ್ಥಿನಿಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಲಭ್ಯ. ಹಿರಿಯೂರು ಅಥವಾ ಹೊಳಲ್ಕೆರೆಯಿಂದ ಪ್ರತಿದಿನ ಹೋಗಿ ಬಂದು ಓದುವ ವಿದ್ಯಾರ್ಥಿನಿಗೆ ಉಳಿಯುವ ಮುಖ್ಯ ವೆಚ್ಚ ಶುಲ್ಕ, ಪುಸ್ತಕ ಮತ್ತು ಊಟ. ಈ ವೆಚ್ಚಕ್ಕೆ ದಾರಿ ತೋರಿಸಿದರೆ ಕುಟುಂಬದ ತೀರ್ಮಾನ ಬದಲಾಗಬಲ್ಲದು.

ಮೊದಲು ದಾಖಲೆ, ಅನಂತರ ಅರ್ಜಿ

ಯಾವುದೇ ಜಾಲತಾಣವನ್ನು ತೆರೆಯುವ ಮುನ್ನ ನಾಲ್ಕು ವಿಷಯಗಳು ಸರಿಯಾಗಿರಬೇಕು. ಅರ್ಜಿಗಳು ತಡೆಹಿಡಿಯಲ್ಪಡುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದರಿಂದ.

ಮೊದಲನೆಯದು ಹೆಸರು. ಆಧಾರ್ ಕಾರ್ಡಿನಲ್ಲಿ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮತ್ತು ಬ್ಯಾಂಕ್ ಖಾತೆಯಲ್ಲಿ ವಿದ್ಯಾರ್ಥಿಯ ಹೆಸರು ಒಂದೇ ರೀತಿ ಇರಬೇಕು. ಇನಿಷಿಯಲ್ ಒಂದೆಡೆ ಮುಂದೆ, ಇನ್ನೊಂದೆಡೆ ಹಿಂದೆ ಇದ್ದರೂ ತಂತ್ರಾಂಶವು ಅದನ್ನು ಬೇರೆ ವ್ಯಕ್ತಿಯೆಂದು ಪರಿಗಣಿಸುವ ಸಂಭವವಿದೆ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆದ ಈ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶವು ಈ ಸಂಖ್ಯೆಯ ಮೂಲಕವೇ ವಿವರಗಳನ್ನು ಪರಿಶೀಲಿಸುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುವುದರಿಂದ, ಪ್ರಥಮ ಪದವಿಗೆ ಸೇರುವಾಗ ಮಾಡಿಸಿದ್ದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು.

ಮೂರನೆಯದು ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನ ಈಗ ನೇರ ನಗದು ವರ್ಗಾವಣೆಯ ಮೂಲಕ, ಆಧಾರ್ ಆಧಾರದ ಮೇಲೆ ಜಮೆಯಾಗುತ್ತದೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ; ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಖಾತೆ ಜೋಡಣೆಯಾಗಿರುವುದು ಬೇರೆ. ಎರಡು ಮೂರು ಖಾತೆಗಳಿದ್ದಲ್ಲಿ, ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಬಹಳ ಕಾಲ ಬಳಸದೆ ಸ್ಥಗಿತಗೊಂಡ ಖಾತೆ ಜೋಡಣೆಯಲ್ಲಿದ್ದರೆ ಮಂಜೂರಾದ ಹಣವೂ ಹಿಂದಿರುಗುತ್ತದೆ. ಬ್ಯಾಂಕ್ ದೂರವಿರುವ ಗ್ರಾಮಗಳಲ್ಲಿ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿಯೂ ಆಧಾರ್ ಜೋಡಣೆಯ ಖಾತೆ ತೆರೆಯಬಹುದು.

ನಾಲ್ಕನೆಯದು ಮೊಬೈಲ್ ಸಂಖ್ಯೆ. ಆಧಾರ್‌ಗೆ ಜೋಡಣೆಯಾದ ಸಂಖ್ಯೆ ವಿದ್ಯಾರ್ಥಿಯ ಬಳಿಯೇ ಇರಬೇಕು. ಅಂಗಡಿಯವರ ಅಥವಾ ಸಂಬಂಧಿಕರ ಸಂಖ್ಯೆಯನ್ನು ನಮೂದಿಸಿದಲ್ಲಿ, ಅರ್ಜಿಯಲ್ಲಿ ದೋಷವಿದೆಯೆಂಬ ಸಂದೇಶ ವಿದ್ಯಾರ್ಥಿಗೆ ತಲುಪುವುದೇ ಇಲ್ಲ.

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ

ಕರ್ನಾಟಕದಲ್ಲಿ ಮೊದಲು ನೋಡಬೇಕಾದುದು ಎಸ್‌ಎಸ್‌ಪಿ ಎಂದು ಕರೆಯಲಾಗುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಇಲ್ಲಿ ಒಂದೇ ಅರ್ಜಿ ಸಾಕು. ನಾಯಕ ಸಮುದಾಯದ ವಿದ್ಯಾರ್ಥಿಯ ಅರ್ಜಿ ಪರಿಶಿಷ್ಟ ಪಂಗಡಗಳ ಇಲಾಖೆಗೆ, ಲಂಬಾಣಿ ಅಥವಾ ಭೋವಿ ಸಮುದಾಯದವರದು ಸಮಾಜ ಕಲ್ಯಾಣ ಇಲಾಖೆಗೆ, ಪ್ರವರ್ಗ-1ಕ್ಕೆ ಸೇರಿದ ಗೊಲ್ಲ ಸಮುದಾಯದವರದು ಹಿಂದುಳಿದ ವರ್ಗಗಳ ಇಲಾಖೆಗೆ ತಲುಪುತ್ತದೆ. ಯಾವ ಇಲಾಖೆಗೆ ಹೋಗಬೇಕೆಂದು ವಿದ್ಯಾರ್ಥಿ ಅಲೆಯುವ ಅಗತ್ಯವಿಲ್ಲ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಇತರ ವರ್ಗಗಳಿಗೆ ಮಿತಿಗಳು ಬೇರೆ ಬೇರೆಯಾಗಿದ್ದು, ಆಯಾ ಸಾಲಿನ ಅಧಿಸೂಚನೆಯನ್ನು ನೋಡಿಕೊಳ್ಳಬೇಕು. 2021ರ ಪರಿಷ್ಕೃತ ಮಾರ್ಗಸೂಚಿಯಂತೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಎಂ.ಎ., ಎಂ.ಎಸ್ಸಿ. ಮುಂತಾದ ವೃತ್ತಿಪರವಲ್ಲದ ಕೋರ್ಸುಗಳಿಗೆ ಕಡ್ಡಾಯ ಶುಲ್ಕದ ಜೊತೆಗೆ ವಾರ್ಷಿಕ ನಿರ್ವಹಣಾ ಭತ್ಯೆಯಾಗಿ ಹಾಸ್ಟೆಲಿನಲ್ಲಿರುವವರಿಗೆ 6,000 ರೂ., ಮನೆಯಿಂದ ಹೋಗಿಬರುವವರಿಗೆ 3,000 ರೂ. ಎಂದು ಆ ಮಾರ್ಗಸೂಚಿ ನಿಗದಿಪಡಿಸಿತು.

ಇಲ್ಲಿ ಕುಟುಂಬಗಳಿಗೆ ಸ್ಪಷ್ಟವಾಗಿ ತಿಳಿಸಬೇಕಾದ ಅಂಶವೊಂದಿದೆ. ರಾಜ್ಯದ ಪಾಲು ಮತ್ತು ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೆ ಬೇರೆ ಬೇರೆಯಾಗಿ ಬರುತ್ತವೆ. ಅದರಲ್ಲಿ ಕಾಲೇಜಿಗೆ ಸಲ್ಲಬೇಕಾದ ಶುಲ್ಕವೂ ಸೇರಿರುತ್ತದೆ. ಖಾತೆಗೆ ಬಂದ ಮೊತ್ತವೆಲ್ಲ ಕೈಖರ್ಚಿನದೆಂದು ಭಾವಿಸಿ ಮನೆಯ ಇತರ ಅಗತ್ಯಗಳಿಗೆ ಬಳಸಿದಲ್ಲಿ, ವರ್ಷಾಂತ್ಯಕ್ಕೆ ಶುಲ್ಕ ಬಾಕಿಯ ಕಾರಣದಿಂದ ವಿದ್ಯಾರ್ಥಿ ತೊಂದರೆಗೆ ಸಿಲುಕಬೇಕಾಗುತ್ತದೆ.

ನಿರ್ವಹಣಾ ಭತ್ಯೆ ಅಲ್ಪವಾದುದರಿಂದ ವಸತಿಯ ಏರ್ಪಾಟು ಮುಖ್ಯವಾಗುತ್ತದೆ. ಇಲಾಖಾ ವಿದ್ಯಾರ್ಥಿನಿಲಯಗಳ ಪ್ರವೇಶಕ್ಕೆ ಪ್ರತ್ಯೇಕವಾಗಿ ಆನ್‌ಲೈನ್ ಅರ್ಜಿ ಸಲ್ಲಿಸಬೇಕು. ವಿದ್ಯಾರ್ಥಿವೇತನದ ಅರ್ಜಿಯೇ ಹಾಸ್ಟೆಲಿಗೂ ಸಾಕೆಂಬುದು ತಪ್ಪು ತಿಳಿವಳಿಕೆ. ಹಾಸ್ಟೆಲ್ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ನೆರವಾಗಿ ವಿದ್ಯಾಸಿರಿ ಯೋಜನೆ ಇದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವೂ ಉಂಟು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಕುಟುಂಬಗಳು ಜಿಲ್ಲೆಯಲ್ಲಿ ಇರುವುದರಿಂದ, ಅವರ ಕಾರ್ಮಿಕ ಗುರುತಿನ ಚೀಟಿ ಸಕಾಲದಲ್ಲಿ ನವೀಕರಣವಾಗಿದೆಯೇ ಎಂಬುದನ್ನು ಸದಸ್ಯರು ವಿಚಾರಿಸುವುದು ಒಳಿತು.

ರಾಷ್ಟ್ರೀಯ ವಿದ್ಯಾರ್ಥಿವೇತನಗಳು

ಕೇಂದ್ರ ಸರ್ಕಾರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಎರಡನೆಯ ಮುಖ್ಯ ತಾಣ. ಇಲ್ಲಿ ಮೊದಲಿಗೆ ಒಂದು ಬಾರಿಯ ನೋಂದಣಿ ಮಾಡಿಕೊಂಡು 14 ಅಂಕಿಗಳ ಸಂಖ್ಯೆಯನ್ನು ಪಡೆಯಬೇಕು. ಆ ಸಂಖ್ಯೆ ಮುಂದಿನ ವರ್ಷಗಳಿಗೂ ಅನ್ವಯಿಸುವುದರಿಂದ ಅದನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಈ ತಾಣದಲ್ಲಿಯೇ. 2023-24ರಲ್ಲಿ ಹೊಸ ರೂಪದಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 10,000 ವಿದ್ಯಾರ್ಥಿಗಳಿಗೆ, ವರ್ಷದ 10 ತಿಂಗಳು, ತಿಂಗಳಿಗೆ 15,000 ರೂ. ನೀಡುವ ಅವಕಾಶವಿದೆ. ಪೂರ್ಣಾವಧಿ ಸ್ನಾತಕೋತ್ತರ ಕೋರ್ಸಿನ ಮೊದಲ ವರ್ಷದಲ್ಲಿಯೇ ಅರ್ಜಿ ಸಲ್ಲಿಸಬೇಕು. ಎರಡನೆಯ ವರ್ಷದಲ್ಲಿ ತಿಳಿದು ಪ್ರಯೋಜನವಿಲ್ಲ.

ಎಂಜಿನಿಯರಿಂಗ್ ಪದವೀಧರರು ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂ. ವೇತನಕ್ಕೆ ಅರ್ಹರು. ಸ್ನಾತಕೋತ್ತರ ಪದವಿಯ ನಂತರ ಸಂಶೋಧನೆಗೆ ಹೋಗುವವರಿಗೆ ಯುಜಿಸಿ ನೆಟ್ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ಫೆಲೋಶಿಪ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂ. ಹಳ್ಳಿಯ ಕುಟುಂಬಗಳು ಪಿಎಚ್.ಡಿ. ಎಂದರೆ ಖರ್ಚಿನ ಓದು ಎಂದು ತಿಳಿಯುವುದು ಸಾಮಾನ್ಯ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಅದು ಮನೆಗೆ ಹಣ ಕಳುಹಿಸಬಹುದಾದ ಓದು ಎಂಬುದು ಅವರಿಗೆ ತಿಳಿಯಬೇಕು.

ಯುವನಿಧಿ ಮತ್ತು ಮುಂದಿನ ಓದು

ಉದ್ಯೋಗ ದೊರೆಯದ ಪದವೀಧರರಿಗೆ ಯುವನಿಧಿ ಯೋಜನೆಯಡಿ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂ. ದೊರೆಯುತ್ತದೆ. ಉನ್ನತ ವ್ಯಾಸಂಗ ಮುಂದುವರಿಸುವವರಿಗೆ ಈ ಭತ್ಯೆ ಅನ್ವಯಿಸುವುದಿಲ್ಲ. ಸ್ನಾತಕೋತ್ತರ ಪದವಿಯ ಅವಧಿಯೂ ಎರಡೇ ವರ್ಷ. ಆದ್ದರಿಂದ ಕೆಲವು ಮನೆಗಳಲ್ಲಿ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವ ಸಂದರ್ಭ ಬರುತ್ತದೆ. ಭತ್ಯೆ ಎರಡು ವರ್ಷದ ನಂತರ ನಿಲ್ಲುತ್ತದೆ, ಪದವಿ ಜೀವನಪೂರ್ತಿ ಉಳಿಯುತ್ತದೆ ಎಂಬ ಮಾತನ್ನು ಸದಸ್ಯರು ಹೇಳಬಹುದು. ತೀರ್ಮಾನ ಮಾತ್ರ ಕುಟುಂಬದ್ದು. ಕಾಲೇಜಿಗೆ ಸೇರಿಯೂ ಸೇರಿಲ್ಲವೆಂದು ಘೋಷಿಸಿ ಭತ್ಯೆ ಪಡೆಯುವುದು ನಿಯಮಬಾಹಿರವೆಂದು ಎಚ್ಚರಿಸುವುದು ಅಗತ್ಯ.

ಶಿಕ್ಷಣ ಸಾಲ

ವಿದ್ಯಾರ್ಥಿವೇತನ ಸಾಲದೆ ಹೋದಾಗ ಸಾಲದ ದಾರಿ ಇದೆ. 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಡಿ, ಪಟ್ಟಿಯಲ್ಲಿರುವ ಉನ್ನತ ಗುಣಮಟ್ಟದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿಯ ಆಧಾರ ಮತ್ತು ಜಾಮೀನುದಾರರಿಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದವರೆಗೆ ಇದ್ದು, ಬೇರೆ ಸರ್ಕಾರಿ ನೆರವು ಪಡೆಯದವರಲ್ಲಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ, 10 ಲಕ್ಷದವರೆಗಿನ ಸಾಲಕ್ಕೆ ವ್ಯಾಸಂಗ ಮತ್ತು ಮರುಪಾವತಿ ವಿರಾಮದ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುವವರಿಗೆ ಮತ್ತೊಂದು ಯೋಜನೆಯಡಿ ಆ ಅವಧಿಯ ಪೂರ್ಣ ಬಡ್ಡಿಯ ನೆರವು ಲಭ್ಯ. ಅರ್ಜಿಯನ್ನು ವಿದ್ಯಾಲಕ್ಷ್ಮಿ ತಾಣದ ಮೂಲಕವೇ ಸಲ್ಲಿಸಬೇಕು. ಹೀಗೆ ಸಲ್ಲಿಸಿದ ಅರ್ಜಿಗೆ ಸಂಖ್ಯೆ ಇರುತ್ತದೆ, ಸ್ಥಿತಿಗತಿ ದಾಖಲಾಗುತ್ತದೆ. ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿಯೇ ಇಲ್ಲವೆನಿಸಿಕೊಂಡು ಬರುವ ಪ್ರಮೇಯ ಇರುವುದಿಲ್ಲ.

ಇದಲ್ಲದೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಶಿಕ್ಷಣ ಸಾಲ ಯೋಜನೆಗಳಿವೆ. ಸಾಲ ಯಾವುದೇ ಆಗಲಿ, ಅದು ವಿದ್ಯಾರ್ಥಿವೇತನವಲ್ಲ, ಮರಳಿಸಬೇಕಾದ ಹಣ ಎಂಬುದನ್ನು ಮೊದಲ ದಿನವೇ ಮನದಟ್ಟು ಮಾಡಿಸಬೇಕು. ಕೈಸಾಲಕ್ಕೆ ಕೈಯೊಡ್ಡುವ ಮುನ್ನ ಈ ದಾರಿಗಳನ್ನು ನೋಡುವುದು ಲೇಸು.

ವಿದೇಶ ವ್ಯಾಸಂಗ

ವಿದೇಶದ ಓದು ಹಳ್ಳಿಯವರಿಗೆ ಎಟುಕದ್ದು ಎಂಬ ಭಾವನೆ ಇದೆ. ಡಾ. ಬಿ.ಆರ್. ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಲು ಸಾಧ್ಯವಾದುದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಅಂದು ಒಬ್ಬ ಮಹಾರಾಜರ ಔದಾರ್ಯದಿಂದ ದೊರೆತುದು ಇಂದು ಅರ್ಜಿ ಸಲ್ಲಿಸಿ ಕೇಳಬಹುದಾದ ಸೌಲಭ್ಯವಾಗಿದೆ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ: ಪರಿಶಿಷ್ಟ ಜಾತಿಗೆ 115, ವಿಮುಕ್ತ ಹಾಗೂ ಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ 4. ಆದಾಯ ಮಿತಿ 8 ಲಕ್ಷ ರೂ., ವಯೋಮಿತಿ 35 ವರ್ಷ, ಅರ್ಹತಾ ಪದವಿಯಲ್ಲಿ ಕನಿಷ್ಠ ಶೇ. 60 ಅಂಕ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದಿಂದ 20 ಸ್ಥಾನಗಳ ಪ್ರತ್ಯೇಕ ಯೋಜನೆ ಇದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ವಿದೇಶ ವ್ಯಾಸಂಗಕ್ಕೆ ನೆರವಾಗುತ್ತದೆ. ಎಲ್ಲ ವರ್ಗದವರಿಗೂ ತೆರೆದಿರುವ ಖಾಸಗಿ ನೆರವಿನಲ್ಲಿ ಹಳೆಯದು 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿ, ಇದು ಸಾಲರೂಪದ ವಿದ್ಯಾರ್ಥಿವೇತನ. ಸ್ಥಾನಗಳು ಕಡಿಮೆ, ಸ್ಪರ್ಧೆ ಹೆಚ್ಚು. ವಿದೇಶಿ ವಿಶ್ವವಿದ್ಯಾನಿಲಯದ ಪ್ರವೇಶ ಪತ್ರ, ಪಾಸ್‌ಪೋರ್ಟ್, ಭಾಷಾ ಪರೀಕ್ಷೆಗಳಿಗೆ ಸಮಯ ಬೇಕಾಗುವುದರಿಂದ ಒಂದು ವರ್ಷ ಮೊದಲೇ ಸಿದ್ಧತೆ ಆರಂಭವಾಗಬೇಕು.

ಹುಡುಕುವಾಗ ಎಚ್ಚರ

ಅಂತರಜಾಲದಲ್ಲಿ ನಿಜವಾದ ತಾಣಗಳ ಪಕ್ಕದಲ್ಲಿಯೇ ನಕಲಿ ತಾಣಗಳೂ ಇವೆ. ಸರ್ಕಾರಿ ತಾಣದ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ನೇರವಾಗಿ ಒತ್ತದೆ, ವಿಳಾಸವನ್ನು ಓದಿ ನೋಡಬೇಕು. ವಿದ್ಯಾರ್ಥಿವೇತನ ಮಂಜೂರು ಮಾಡಿಸಿಕೊಡುವುದಾಗಿ ಮುಂಗಡ ಹಣ ಕೇಳುವವರು, ದೂರವಾಣಿಯಲ್ಲಿ ಒಟಿಪಿ ಕೇಳುವವರು ವಂಚಕರೆಂದೇ ತಿಳಿಯತಕ್ಕದ್ದು. ಯೋಜನೆಯ ಹೆಸರು ಹಳೆಯದಾಗಿದ್ದರೂ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಈ ಲೇಖನದಲ್ಲಿರುವ ಮೊತ್ತ ಮತ್ತು ಮಿತಿಗಳನ್ನೂ ಸೇರಿಸಿ, ಚಾಲ್ತಿ ಸಾಲಿನ ಅಧಿಸೂಚನೆಯೊಂದಿಗೆ ತಾಳೆ ನೋಡಿಯೇ ಮುಂದುವರಿಯಬೇಕು.

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಲೇಜಿನ ಹಂತದಲ್ಲಿ ಪರಿಶೀಲನೆಯಾಗದೆ ಉಳಿದ ಅರ್ಜಿ ಇಲಾಖೆಗೆ ತಲುಪುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಜಿಯ ಸ್ಥಿತಿಗತಿ ನೋಡುವುದು, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳುವುದು, ತಿರಸ್ಕೃತವಾದಲ್ಲಿ ಕಾರಣವನ್ನು ಓದಿ ಅವಧಿಯೊಳಗೆ ಸರಿಪಡಿಸುವುದು ವಿದ್ಯಾರ್ಥಿಯ ಹೊಣೆ. ಸರಿಯಾದ ಅರ್ಜಿಯೂ ವಿಲಂಬವಾದಲ್ಲಿ ತಾಲ್ಲೂಕು ಮಟ್ಟದ ಇಲಾಖಾ ಕಚೇರಿಗೆ ಲಿಖಿತ ಮನವಿ ನೀಡಬಹುದು. 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು.

ಗ್ರಾಮ ಪಂಚಾಯಿತಿ ಸದಸ್ಯರು ಮಾಡಬಹುದಾದುದು

1. ತಮ್ಮ ವಾರ್ಡಿನಲ್ಲಿ ಪದವಿಯ ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿಗಳ ಪಟ್ಟಿಯನ್ನು ಪ್ರತಿ ವರ್ಷ ಜನವರಿಯೊಳಗೆ ಸಿದ್ಧಪಡಿಸುವುದು. ಒಂದು ವಾರ್ಡಿನಲ್ಲಿ ಇವರ ಸಂಖ್ಯೆ ಬೆರಳೆಣಿಕೆಯಷ್ಟೇ ಇರುವುದರಿಂದ ಇದು ಕಷ್ಟದ ಕೆಲಸವಲ್ಲ. ತಾಂಡಾ, ಹಟ್ಟಿ ಮತ್ತು ಕಾಲೋನಿಗಳನ್ನು ಮೊದಲು ಸಂದರ್ಶಿಸುವುದು ಸೂಕ್ತ.

2. ಪಟ್ಟಿಯಲ್ಲಿರುವವರ ಹೆಸರು, ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಎಂಬ ನಾಲ್ಕು ಅಂಶಗಳು ಫಲಿತಾಂಶಕ್ಕೆ ಮೊದಲೇ ಸರಿಯಾಗುವಂತೆ ನೋಡಿಕೊಳ್ಳುವುದು.

3. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಮತ್ತು ಅಂತರಜಾಲ ಸುಸ್ಥಿತಿಯಲ್ಲಿರುವಂತೆ, ಅರ್ಜಿಯ ತಿಂಗಳುಗಳಲ್ಲಿ ವಿದ್ಯಾರ್ಥಿಗಳಿಗೆ ಸಮಯ ಮೀಸಲಿಡುವಂತೆ ಕ್ರಮ ವಹಿಸುವುದು. ಗ್ರಂಥಪಾಲಕರು ಚಾಲ್ತಿ ಅಧಿಸೂಚನೆ ಮತ್ತು ಕೊನೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಹಾಕುವುದು.

4. ವಿಷಯವನ್ನು ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಹಾಗೂ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಮಂಡಿಸಿ, ಅರ್ಜಿ ಸಲ್ಲಿಸಿದವರು, ಹಣ ಪಡೆದವರು, ತಿರಸ್ಕೃತರಾದವರು ಎಷ್ಟು ಮಂದಿ ಎಂಬುದನ್ನು ನಡವಳಿಯಲ್ಲಿ ದಾಖಲಿಸುವುದು. ಹೆಸರು ಮತ್ತು ಆಧಾರ್ ವಿವರಗಳನ್ನು ಬಹಿರಂಗಪಡಿಸಬಾರದು.

5. ಅದೇ ಗ್ರಾಮದಿಂದ ಈಗಾಗಲೇ ಸ್ನಾತಕೋತ್ತರ ಪದವಿ ಪಡೆದಿರುವ ಒಬ್ಬರನ್ನು ಕರೆಸಿ, ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಪೋಷಕರೊಂದಿಗೆ ಮಾತನಾಡಿಸುವುದು. ಸುತ್ತೋಲೆಯ ಮಾತಿಗಿಂತ ನೆರೆಮನೆಯವರ ಅನುಭವದ ಮಾತು ಬೇಗ ನಾಟುತ್ತದೆ.

ಇವುಗಳಲ್ಲಿ ಮೊದಲ ಎರಡು ಕೆಲಸಗಳಿಗೆ ಅನುದಾನವೂ ಬೇಡ, ಮಂಜೂರಾತಿಯೂ ಬೇಡ. ಸದಸ್ಯರ ಒಂದೆರಡು ಸಂಜೆಗಳು ಸಾಕು. ಭರಮಸಾಗರದಿಂದ ಧರ್ಮಪುರದವರೆಗೆ, ರಾಮಗಿರಿಯಿಂದ ಮತ್ತೋಡಿನವರೆಗೆ ಪ್ರತಿ ವಾರ್ಡಿನಲ್ಲಿಯೂ ಪದವಿ ಮುಗಿಸಿ ಮನೆಯಲ್ಲಿ ಕುಳಿತ ಒಬ್ಬರಾದರೂ ಇದ್ದಾರು. ಅವರ ಮನೆಯ ಬಾಗಿಲಿಗೆ ಕೊನೆಯ ದಿನಾಂಕಕ್ಕೆ ಮೊದಲೇ ಹೋಗಿ ವಿಚಾರಿಸಬಲ್ಲವರು ಆ ವಾರ್ಡಿನ ಸದಸ್ಯರೇ.